ಪ್ರಶ್ನಾರ್ಥಕ ಚಿಹ್ನೆಯ ಆಚೆ ಈಚೆ

ಗೋಣಿಕೊಪ್ಪದ ಸುತ್ತಮುತ್ತಲಿನ ಕಾಫಿ ತೋಟಗಳಲ್ಲಿ ಮಳೆಯ ಲೆಕ್ಕವನ್ನು ಈಗಲೂ ಇಂಚು, ಸೆಂಟುಗಳಲ್ಲಿಯೇ ಬರೆದಿಡುತ್ತಾರೆ. ನಮ್ಮ ಚಿಕ್ಕಪ್ಪ ಪ್ರತಿದಿನ ಬೆಳಿಗ್ಗೆ ಮಳೆಮಾಪಕದ ನೀರನ್ನು ಗಾಜಿನ ಅಳತೆ ಜಾಡಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಡೈರಿಯಲ್ಲಿ 2-35 ಎಂದು ಗುರುತು ಹಾಕುತ್ತಾರೆ. ಎರಡು ಇಂಚು ಮೂವತ್ತೈದು ಸೆಂಟು (ಸೆಂಟು ಎಂದರೆ ಇಂಚಿನ ನೂರನೇ ಒಂದು ಭಾಗ), ಅಂದರೆ 59.69 ಮಿಲಿಮೀಟರ್. ಇಂತಹ ಡೈರಿಗಳ ಲೆಕ್ಕವನ್ನು ನಾಲ್ಕಾರು ಮನೆಯವರು ಫೋನಿನಲ್ಲಿಯೇ ನೋಡುವಂತಾಗಲಿ ಎಂದು ನಾನೊಂದು ಚಿಕ್ಕ ವೆಬ್ ಎಪಿಐ, ಅಂದರೆ ಕೇಳಿದ ಮಾಹಿತಿಯನ್ನು ಇಂಟರ್ನೆಟ್ ಮೂಲಕ ಒದಗಿಸುವ ಪ್ರೋಗ್ರಾಂ, ಬರೆದೆ. ಅದರ ಯುಆರ್‌ಎಲ್‌ಗಳನ್ನು (ವೆಬ್ ವಿಳಾಸಗಳನ್ನು) ಎರಡು ಬಾರಿ ಬದಲಾಯಿಸಬೇಕಾಯಿತು, ಮತ್ತು ಎರಡು ಸಲವೂ ತಪ್ಪು ನನ್ನದೇ ಆಗಿತ್ತು.

ಮೊದಲ ಆವೃತ್ತಿಯಲ್ಲಿ ಎಲ್ಲವನ್ನೂ ಪಾತ್‌ಗೆ, ಅಂದರೆ ವಿಳಾಸದಲ್ಲಿ ಓರೆಗೆರೆಗಳಿಂದ ಜೋಡಿಸಿದ ಭಾಗಕ್ಕೆ, ತುರುಕಿದ್ದೆ: /ಕೊಡಗು/ವಿರಾಜಪೇಟೆ/ಗೋಣಿಕೊಪ್ಪ/ತೋಟ/12/2019/7/ಇಂಚು. (ನಿಜವಾದ ಯುಆರ್‌ಎಲ್ ಇಂಗ್ಲಿಷ್ ಅಕ್ಷರಗಳಲ್ಲಿತ್ತು. ಕನ್ನಡದಲ್ಲಿಯೇ ಬರೆಯಬಹುದು, ಆದರೆ ಕಳುಹಿಸುವಾಗ ಪ್ರತಿಯೊಂದು ಬೈಟ್ ಶೇಕಡಾ ಚಿಹ್ನೆಯ ರೂಪಕ್ಕೆ ತಿರುಗುವುದರಿಂದ ‘ಮಡಿಕೇರಿ’ ಎಂಬ ಒಂದು ಪದವೇ 63 ಅಕ್ಷರಗಳಷ್ಟು ಉದ್ದವಾಗುತ್ತದೆ.) ನೋಡುವುದಕ್ಕೆ ಚೆನ್ನಾಗಿಯೇ ಇತ್ತು. ಆದರೆ ಎಲ್ಲ ವರ್ಷಗಳ ಜುಲೈ ಮಳೆಯನ್ನು ಹೋಲಿಸಬೇಕೆಂದು ಚಿಕ್ಕಪ್ಪ ಕೇಳಿದಾಗ, ವರ್ಷದ ಜಾಗವನ್ನು ಖಾಲಿ ಬಿಡುವಂತಿಲ್ಲದ ಕಾರಣ ಅಲ್ಲಿ ‘ಎಲ್ಲಾ’ ಎಂಬ ಹುಸಿ ವರ್ಷವೊಂದನ್ನು ಕೂರಿಸಬೇಕಾಯಿತು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಯುಆರ್‌ಎಲ್‌ಗಳ ರಚನೆಯನ್ನು ವಿವರಿಸುವ ಆರ್‌ಎಫ್‌ಸಿ 3986 ಎಂಬ 2005ರ ದಾಖಲೆಯ ಪ್ರಕಾರ ಪಾತ್ ಸಾಮಾನ್ಯವಾಗಿ ಶ್ರೇಣಿಯಾಗಿ ಜೋಡಿಸಿದ ಮಾಹಿತಿಗೆ, ಪ್ರಶ್ನಾರ್ಥಕ ಚಿಹ್ನೆಯ ನಂತರದ ಕ್ವೆರಿ ಶ್ರೇಣಿಯಿಲ್ಲದ ಮಾಹಿತಿಗೆ. ಎರಡೂ ಸೇರಿಯೇ ಆ ಸಂಪನ್ಮೂಲದ ಗುರುತು. ಎಪಿಐ ಬರೆಯುವವರ ರೂಢಿಯಲ್ಲಿ ಇದು ಇನ್ನಷ್ಟು ಸರಳವಾಗಿದೆ: ಯಾವ ವಸ್ತು ಎಂಬುದು ಪಾತ್‌ನಲ್ಲಿ, ಅದರಲ್ಲಿ ಎಷ್ಟು, ಯಾವ ಕ್ರಮದಲ್ಲಿ, ಯಾವ ರೂಪದಲ್ಲಿ ಬೇಕು ಎಂಬುದು ಕ್ವೆರಿಯಲ್ಲಿ. ಒಂದು ಅಂಶವನ್ನು ತೆಗೆದುಹಾಕಿದರೂ ಕೇಳಿದ ಪ್ರಶ್ನೆಗೆ ಅರ್ಥ ಉಳಿಯುತ್ತದೆಯಾದರೆ ಅದನ್ನು ಪಾತ್‌ನಲ್ಲಿ ಇಡಬೇಕಾಗಿಲ್ಲ. ಇಂಚು ಎಂಬುದನ್ನು ತೆಗೆದರೂ ಮಳೆ ಮಳೆಯೇ; ತೋಟವನ್ನು ತೆಗೆದರೆ ಯಾರ ಮಳೆ ಎಂದು ತಿಳಿಯುವುದಿಲ್ಲ.

ಈ ನಿಯಮ ಎಲ್ಲರಿಗೂ ಗೊತ್ತು. ಶ್ರೇಣಿಯೇ ಬದಲಾದರೆ ಏನು ಗತಿ ಎಂಬುದನ್ನು ಮಾತ್ರ ನಾನು ಯೋಚಿಸಿರಲಿಲ್ಲ. ವಿರಾಜಪೇಟೆಯಿಂದ ಬೇರ್ಪಟ್ಟು ಪೊನ್ನಂಪೇಟೆ ಹೊಸ ತಾಲೂಕಾದಾಗ ಗೋಣಿಕೊಪ್ಪವೂ ಅತ್ತ ಸೇರಿತು. ನಾನು ಉತ್ಸಾಹದಿಂದ ದತ್ತಾಂಶವನ್ನು ತಿದ್ದಿದೆ. ಮರುದಿನ ಎಲ್ಲರ ಫೋನಿನಲ್ಲಿಯೂ 404, ಅಂದರೆ ‘ಕೇಳಿದ್ದು ಸಿಗಲಿಲ್ಲ’ ಎಂಬ ಉತ್ತರ. “ಅಲ್ಲ ಮಾರಾಯ, ತೋಟ ಎತ್ತಿಕೊಂಡು ನಾವೇನು ಬೇರೆ ಊರಿಗೆ ಹೋಗಿದ್ದೇವಾ?” ಎಂದು ಚಿಕ್ಕಪ್ಪ ಕೇಳಿದ್ದು ನ್ಯಾಯವೇ ಆಗಿತ್ತು. ತೋಟ ಇದ್ದಲ್ಲೇ ಇತ್ತು. ಸರ್ಕಾರದ ಲೆಕ್ಕದಲ್ಲಿ ಬದಲಾಗಬಹುದಾದ ತಾಲೂಕನ್ನು ನಾನು ತೋಟದ ಗುರುತಿನ ಭಾಗವನ್ನಾಗಿ ಮಾಡಿದ್ದೆ.

ಎರಡನೆಯ ಸಲ ಜಾಣನಾದೆನೆಂದುಕೊಂಡು, ಗ್ರಾಮದ ಹೆಸರಿನೊಂದಿಗೆ ಪಹಣಿಯಲ್ಲಿರುವ ಸರ್ವೆ ನಂಬರನ್ನೇ ಗುರುತಾಗಿ ಬಳಸಿದೆ. ಆ ನಂಬರೋ 45/2 ಎಂಬಂತಹದ್ದು. ಅದರ ನಡುವಿನ ಓರೆಗೆರೆಯೇ ಪಾತ್‌ನಲ್ಲಿ ಭಾಗಗಳನ್ನು ಬೇರ್ಪಡಿಸುವ ಗೆರೆಯಾದ್ದರಿಂದ ಸರ್ವರ್ 45 ಅನ್ನು ಒಂದು ತೋಟವೆಂದೂ 2 ಅನ್ನು ಅದರೊಳಗಿನ ಇನ್ನೇನೋ ಎಂದೂ ಓದಿತು. ಓರೆಗೆರೆಯನ್ನು %2ಎಫ್ ಎಂದು ಬದಲಿಸಿ ಕಳುಹಿಸಿದರೆ ಸರಿಹೋಗಬೇಕಿತ್ತು. ಆದರೆ ಅಪಾಚೆ ಎಂಬ ವೆಬ್ ಸರ್ವರ್ ತಂತ್ರಾಂಶ ತನ್ನ ಮೂಲ ಸೆಟ್ಟಿಂಗ್‌ನಲ್ಲಿ ಅಂತಹ ಪಾತ್‌ಗಳನ್ನು 404 ಕೊಟ್ಟು ತಿರಸ್ಕರಿಸುತ್ತದೆ. ಕ್ವೆರಿಯಲ್ಲಿ ಈ ತೊಡಕಿಲ್ಲ, ಅಲ್ಲಿ ಓರೆಗೆರೆ ಹಾಗೆಯೇ ಬರಬಹುದು. ಅಷ್ಟಕ್ಕೂ ಮನೆಯಲ್ಲಿ ಪಾಲಾದರೆ ಓರೆಗೆರೆಯ ನಂತರದ ಹಿಸ್ಸಾ ನಂಬರೂ ಬದಲಾಗುತ್ತದೆ.

ಹೀಗಾಗಿ ಈಗ ಪ್ರತಿ ಮಳೆಮಾಪಕಕ್ಕೂ ನಾನೇ ಕೊಟ್ಟ, ಯಾವ ಅರ್ಥವೂ ಇಲ್ಲದ ಒಂದು ಸಂಖ್ಯೆ ಇದೆ: /ಮಾಪಕ/12/ಮಳೆ?ವರ್ಷ=2019&ತಿಂಗಳು=7&ಅಳತೆ=ಇಂಚು. ತಾಲೂಕು, ಗ್ರಾಮ, ಸರ್ವೆ ನಂಬರುಗಳೆಲ್ಲ ಹುಡುಕುವುದಕ್ಕೆ ಮಾತ್ರ: /ಮಾಪಕ?ತಾಲೂಕು=ಪೊನ್ನಂಪೇಟೆ&ಸರ್ವೆ=45/2.

ಉತ್ತರ ಕೊಡುವಾಗಲೂ ಈ ವಿಂಗಡಣೆ ನೆರವಿಗೆ ಬಂತು. ಇಲ್ಲದ ಮಾಪಕವನ್ನು ಕೇಳಿದರೆ 404. ಮಾಪಕವಿದ್ದು, ಜನವರಿಯಲ್ಲಿ ಮಳೆಯ ದಾಖಲೆಯೇ ಇಲ್ಲವಾದರೆ 200 (‘ಸರಿಯಾಗಿದೆ’ ಎಂಬ ಉತ್ತರ) ಮತ್ತು ಖಾಲಿ ಪಟ್ಟಿ. ಜಾಡಿ ನೋಡಿ ನೀರಿಲ್ಲವೆಂದು ಸೊನ್ನೆ ಬರೆದ ದಿನ ಪಟ್ಟಿಯಲ್ಲಿ ಸೊನ್ನೆಯಾಗಿಯೇ ಬರಬೇಕು. ಮದುವೆಗೆ ಹೋಗಿ ಜಾಡಿ ನೋಡದ ದಿನ ಬರಲೇಬಾರದು. ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆಗಾಗಿ ಕಾಯುವ ಫೆಬ್ರವರಿ, ಮಾರ್ಚ್‌ನಲ್ಲಿ ಈ ವ್ಯತ್ಯಾಸ ಸಣ್ಣದಲ್ಲ.

ಕ್ವೆರಿಗೊಂದು ಕೆಟ್ಟ ಗುಣವೂ ಇದೆ. ಪಾತ್ ತಪ್ಪಿದರೆ ಕೂಡಲೇ ತಿಳಿಯುತ್ತದೆ, ಕ್ವೆರಿಯ ಹೆಸರು ತಪ್ಪಿದರೆ ಅನೇಕ ಸರ್ವರ್‌ಗಳು ತೆಪ್ಪಗೆ ಅದನ್ನು ಕಡೆಗಣಿಸುತ್ತವೆ. ಚಿಕ್ಕಪ್ಪನ ಮಗ ‘ತಿಂಗಳು’ ಎನ್ನುವಲ್ಲಿ ‘ತಿಂಗಳ’ ಎಂದು ಬರೆದು, ಇಡೀ ವರ್ಷದ ಮಳೆ ಜುಲೈ ಒಂದರಲ್ಲಿಯೇ ಸುರಿದಂತೆ ಲೆಕ್ಕ ತೋರಿಸಿದ್ದ. ಚಿಕ್ಕಪ್ಪ ಡೈರಿ ತೆರೆದು ಕೂಡಿಸಿ ನೋಡಿದ ಮೇಲಷ್ಟೇ ತಪ್ಪು ಸಿಕ್ಕಿತು. ಅಂದಿನಿಂದ ಗುರುತಿಲ್ಲದ ಹೆಸರು ಬಂದರೆ 400 (‘ಕೇಳಿದ ರೀತಿ ತಪ್ಪು’ ಎಂಬ ಉತ್ತರ) ಕೊಟ್ಟು, ಯಾವ ಹೆಸರು ತಪ್ಪೆಂದು ತಿಳಿಸುವಂತೆ ಮಾಡಿದ್ದೇನೆ.