ಎಲ್ಲರೂ ಅಭಿಮನ್ಯುಗಳೇ

ಇವತ್ತು ಅಕ್ಕನ ಮಗನನ್ನು ಹಳೇಬೀಡಿಗೆ ಕರೆದುಕೊಂಡು ಹೋಗಿದ್ದೆ. ಹೊಯ್ಸಳೇಶ್ವರ ದೇವಸ್ಥಾನದ ಹೊರಗೋಡೆಯಲ್ಲಿ ಚಕ್ರವ್ಯೂಹದ ಕೆತ್ತನೆ ಇದೆಯಲ್ಲ, ಹುಡುಗ ಅಲ್ಲೇ ನಿಂತುಬಿಟ್ಟ. ಸುರುಳಿ ಮೇಲೆ ಗಾಳಿಯಲ್ಲೇ ಬೆರಳಾಡಿಸುತ್ತಾ, "ಮಾಮ, ಹೊರಗೆ ಬರೋ ದಾರಿ ಎಲ್ಲಿ?" ಅಂದ.

ಕಲ್ಲಲ್ಲಿ ಯುದ್ಧ ಎಷ್ಟು ಚೆಂದ! ಆನೆ ಸಾಲು, ಕುದುರೆ ಸಾಲು, ಎಲ್ಲಾ ಅಚ್ಚುಕಟ್ಟು. ಇದೇ ಊರಿಗೆ 1311ರಲ್ಲಿ ದೆಹಲಿ ಸುಲ್ತಾನನ ದಂಡನಾಯಕ ಮಲಿಕ್ ಕಾಫೂರನ ಸೈನ್ಯ ನಿಜವಾಗಿಯೇ ಬಂತು. ಈ ಗೋಡೆ ನೋಡಿಕೊಂಡೇ ಬೆಳೆದ ಜನ ಅವತ್ತು ಏನು ಅಂದುಕೊಂಡರೋ.

ವಾಪಸ್ ಬರುವಾಗ ಬಸ್ಸಲ್ಲಿ ಯಾರದೋ ಮೊಬೈಲಲ್ಲಿ ಚುನಾವಣೆ ಸುದ್ದಿ ಜೋರಾಗಿ ಕೂಗುತ್ತಿತ್ತು. ರಣರಂಗ, ರಣತಂತ್ರ, ರಣಕಹಳೆ! ನಮ್ಮ ಹಾಸನ ಜಿಲ್ಲೆಯ ರಾಜಕೀಯಕ್ಕಂತೂ ಕುರುಕ್ಷೇತ್ರ ಅನ್ನೋ ಹೆಸರು ಖಾಯಂ. ಟಿಕೆಟ್ ಸಿಗದವನೂ ಅಭಿಮನ್ಯು, ಸಿಕ್ಕವನೂ ಅಭಿಮನ್ಯು. ಅವನನ್ನು ಸುತ್ತುವರಿದು ಕೊಂದವರ ಪಾರ್ಟು ಮಾತ್ರ ಯಾರಿಗೂ ಬೇಡ.

ರನ್ನನ 'ಗದಾಯುದ್ಧ' ನೆನಪಾಯ್ತು. ದುರ್ಯೋಧನ ಹೆಣಗಳ ನಡುವೆ ನಡೆದು ಹೋಗ್ತಾನೆ. ಅಭಿಮನ್ಯುವಿನ ಹೆಣ ಕಂಡಾಗ ನಿಲ್ತಾನೆ. ಶತ್ರುವಿನ ಮಗ, ತನ್ನ ಕಡೆಯವರೇ ಕೊಂದ ಹುಡುಗ. ಅವನಿಗೆ ಕೈಮುಗಿದು, ನಿನ್ನಂಥ ಸಾವಿನಲ್ಲಿ ಒಂದು ಪಾಲಾದರೂ ನನಗೆ ಸಿಗಲಿ ಅಂತ ಬೇಡಿಕೊಳ್ತಾನೆ. ಸಾವಿರ ವರ್ಷದ ಹಿಂದೆ ಬರೆದದ್ದು ಸ್ವಾಮಿ!

ನಮ್ಮಲ್ಲಿ ಗೆದ್ದವರ ಕಡೆಯವರು ಪಟಾಕಿ ಹೊಡೆಯೋದು ಸೋತವನ ಮನೆ ಮುಂದೆಯೇ, ಅಲ್ವಾ?