ಕಾರಿನ ನೆತ್ತಿಯ ಮೇಲೆ ಸೌರಫಲಕ: ಕಾಗದದ ಮೇಲಿನ ಒಂದು ಲೆಕ್ಕ

ವಿದ್ಯುತ್ ಕಾರುಗಳ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ದಿನವಿಡೀ ಬಿಸಿಲಿನಲ್ಲಿ ನಿಂತಿರುವ ಕಾರಿನ ಚಾವಣಿಗೆ ಸೌರಫಲಕ ಹೊದಿಸಿಬಿಟ್ಟರೆ ಚಾರ್ಜ್ ಮಾಡುವ ಗೊಡವೆಯೇ ಇರುವುದಿಲ್ಲವಲ್ಲ? ಬಹುಕಾಲ ನನಗೂ ಇದು ಸರಿಯೆಂದೇ ತೋರಿತ್ತು. ಕಾಗದ ಪೆನ್ನು ಹಿಡಿದು ಕುಳಿತ ಮೇಲೆಯೇ ತೊಡಕು ಎಲ್ಲಿದೆಯೆಂಬುದು ತಿಳಿದದ್ದು.

ಮೋಡವಿಲ್ಲದ ನಡುಹಗಲಿನಲ್ಲಿ ಒಂದು ಚದರ ಮೀಟರ್ ಜಾಗದ ಮೇಲೆ ಬೀಳುವ ಬಿಸಿಲಿನ ಶಕ್ತಿ ಸುಮಾರು 1,000 ವ್ಯಾಟ್. ಅದರಲ್ಲಿ ಶೇ. 22ರಷ್ಟನ್ನು ವಿದ್ಯುತ್ತಾಗಿಸುವ ಫಲಕ ಒಳ್ಳೆಯ ಫಲಕವೇ ಸರಿ. ಸಾಧಾರಣ ಕಾರಿನ ಚಾವಣಿಯಲ್ಲಿ ಎರಡು ಚದರ ಮೀಟರ್ ಜಾಗ ಸಿಗುತ್ತದೆ ಎಂದುಕೊಂಡರೆ ಉತ್ಪತ್ತಿ 440 ವ್ಯಾಟ್. ಹೆದ್ದಾರಿಯಲ್ಲಿ ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಓಡುವ ಕಾರಿಗೆ ಬೇಕಾಗುವುದು 15,000 ವ್ಯಾಟ್‌ನ ಆಸುಪಾಸು. ಆದ್ದರಿಂದ ಬಿಸಿಲಿನ ಬಲದಿಂದಲೇ ನೇರವಾಗಿ ಕಾರು ಓಡಿಸುವ ಮಾತನ್ನು ಇಲ್ಲಿಗೇ ಕೈಬಿಡಬಹುದು.

ಆದರೆ ಕಾರು ದಿನದ ಬಹುಪಾಲು ನಿಂತೇ ಇರುತ್ತದೆ, ಮತ್ತು ಪ್ರಶ್ನೆಗೆ ಜೀವ ಬರುವುದು ಅಲ್ಲಿಯೇ. ಏರುವ ಇಳಿಯುವ ಬಿಸಿಲನ್ನೆಲ್ಲ ಒಟ್ಟುಗೂಡಿಸಿ ಐದು ಗಂಟೆಗಳ ಪೂರ್ಣ ಬಿಸಿಲಿಗೆ ಸಮವಾದ ದಿನವೊಂದರಲ್ಲಿ ಈ ಚಾವಣಿಯಿಂದ 2.2 ಯೂನಿಟ್ ಹುಟ್ಟಬೇಕು. ಸೂರ್ಯನತ್ತ ವಾಲದೆ ಚಪ್ಪಟೆಯಾಗಿರುವುದರಿಂದ, ಧೂಳಿನಿಂದ, ಕಾದ ಫಲಕದ ಇಳುವರಿ ಕುಗ್ಗುವುದರಿಂದ, ಬ್ಯಾಟರಿಗೆ ತುಂಬುವಾಗ ಆಗುವ ನಷ್ಟದಿಂದ ಅದು ಒಂದೂವರೆ ಯೂನಿಟ್ಟಿಗೆ ಇಳಿದರೆ ಆಶ್ಚರ್ಯವಿಲ್ಲ. ಒಂದು ಯೂನಿಟ್ಟಿಗೆ ಆರೇಳು ಕಿಲೋಮೀಟರ್ ಓಡುವ ಕಾರಿಗೆ ಇದು ಹತ್ತು ಕಿಲೋಮೀಟರಿನ ದಾರಿ. ದಿನಕ್ಕೆ ಎಂಟು ಕಿಲೋಮೀಟರ್ ಓಡಾಡುವವರಿಗೆ ಇದು ಬಹಳವೇ ಆಯಿತು. ಅರವತ್ತು ಕಿಲೋಮೀಟರ್ ಓಡಾಡುವವರಿಗೆ ಲೆಕ್ಕಕ್ಕಿಲ್ಲ.

ತಯಾರಕರ ಅಂಕಿಗಳೂ ಇದಕ್ಕಿಂತ ದೂರವಿಲ್ಲ. 2017ರಲ್ಲಿ ಟೊಯೋಟಾ ಜಪಾನಿನಲ್ಲಿ ಮಾರಿದ ಪ್ಲಗ್-ಇನ್ ಪ್ರಿಯಸ್‌ನ 180 ವ್ಯಾಟ್ ಚಾವಣಿಯಿಂದ ದಿನಕ್ಕೆ ಹೆಚ್ಚೆಂದರೆ ಸುಮಾರು 6 ಕಿಲೋಮೀಟರ್ ಎಂದು ಸಂಸ್ಥೆಯೇ ಹೇಳಿತ್ತು. ಹ್ಯುಂಡೈ 2019ರಲ್ಲಿ ಸೊನಾಟಾ ಹೈಬ್ರಿಡ್‌ಗೆ ಇಂಥದೇ ಚಾವಣಿ ಕೂರಿಸಿ ವರ್ಷಕ್ಕೆ 1,300 ಕಿಲೋಮೀಟರ್ ಎಂದು ಸಾರಿತು. ಕೇಳಲು ದೊಡ್ಡದಾದರೂ ದಿನಕ್ಕೆ ಭಾಗಿಸಿದರೆ ನಾಲ್ಕು ಕಿಲೋಮೀಟರೂ ಆಗದು. ಅದೇ ವರ್ಷ ಟೊಯೋಟಾ, ಶಾರ್ಪ್ ತಯಾರಿಸಿದ ಶೇ. 34ಕ್ಕೂ ಮೀರಿದ ದಕ್ಷತೆಯ ಕೋಶಗಳನ್ನು ಬಾನೆಟ್ಟಿಗೂ ಹಿಂಭಾಗಕ್ಕೂ ಹೊದಿಸಿ 860 ವ್ಯಾಟ್ ಪಡೆಯಿತು. ಆದರೆ ಆ ಬಗೆಯ ಬಹುಪದರದ ಕೋಶಗಳು ಉಪಗ್ರಹಗಳ ಬೆಲೆಯವು, ಕಾರುಗಳ ಬೆಲೆಯವಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ನೆರಳಿನ ಸಮಸ್ಯೆ. ಬಿಸಿಲಿನ ದಿನ ಬುದ್ಧಿಯುಳ್ಳವರು ಕಾರನ್ನು ಮರದಡಿ ನಿಲ್ಲಿಸುತ್ತಾರೆ. ಫಲಕವಿದ್ದರೆ ಬೇಕೆಂದೇ ಬಿಸಿಲಿಗೆ ಒಡ್ಡಬೇಕಾಗುತ್ತದೆ. ಸಂಜೆ ಬಾಗಿಲು ತೆರೆದಾಗ ಒಳಗೆ ಕುಲುಮೆ. ಅದನ್ನು ತಣಿಸಲು ಏಸಿ ಎರಡು ಸಾವಿರ ವ್ಯಾಟ್‌ನಂತೆ ಇಪ್ಪತ್ತು ನಿಮಿಷ ಎಳೆದರೆ, ದಿನವಿಡೀ ದುಡಿದು ಕೂಡಿಸಿದ ಒಂದೂವರೆ ಯೂನಿಟ್ಟಿನಲ್ಲಿ ಹತ್ತಿರ ಹತ್ತಿರ ಅರ್ಧ ಕರಗಿಹೋಗುತ್ತದೆ. ಅರೆನೆರಳಿನಲ್ಲಿ ನಿಲ್ಲಿಸಿ ಎರಡನ್ನೂ ಉಳಿಸಿಕೊಳ್ಳುತ್ತೇನೆ ಎನ್ನುವ ಜಾಣತನವೂ ನಡೆಯದು: ಕೋಶಗಳನ್ನು ಒಂದರ ಬಾಲಕ್ಕೆ ಇನ್ನೊಂದನ್ನು ಪೋಣಿಸಿರುವುದರಿಂದ ಒಂದು ಕೊಂಬೆಯ ನೆರಳು ಇಡೀ ಸಾಲಿನ ಉತ್ಪತ್ತಿಯನ್ನು ಕುಗ್ಗಿಸಬಲ್ಲದು.

ಇಷ್ಟಾದರೂ ಪ್ರಯತ್ನಿಸಿದವರನ್ನು ನಾನು ಹಗುರವಾಗಿ ಕಾಣಲಾರೆ. ನೆದರ್ಲೆಂಡ್ಸಿನ ಲೈಟ್‌ಇಯರ್ ಸಂಸ್ಥೆ ಐದು ಚದರ ಮೀಟರ್ ಫಲಕದ ಕಾರನ್ನು ಎರಡೂವರೆ ಲಕ್ಷ ಯೂರೋ ಬೆಲೆಗೆ ತಯಾರಿಸತೊಡಗಿದ್ದು 2022ರ ಕೊನೆಯಲ್ಲಿ. 2023ರ ಜನವರಿಯಲ್ಲಿ ತಯಾರಿಕೆ ನಿಂತಿತು. ಮರುತಿಂಗಳೇ ಜರ್ಮನಿಯ ಸೋನೋ ಸಂಸ್ಥೆ ತನ್ನ ಸಿಯಾನ್ ಕಾರಿನ ಯೋಜನೆಯನ್ನು ಕೈಬಿಟ್ಟಿತು. ಲೈಟ್‌ಇಯರ್‌ನವರು ಸರಿಯಾಗಿ ಹಿಡಿದ ಎಳೆಯೆಂದರೆ, ಫಲಕ ಹೆಚ್ಚಿಸುವುದಕ್ಕಿಂತ ಮೊದಲು ಕಾರಿನ ಹಸಿವನ್ನು ತಗ್ಗಿಸಬೇಕೆಂಬುದು. 1987ರಲ್ಲಿ ಆಸ್ಟ್ರೇಲಿಯಾದ ಡಾರ್ವಿನ್‌ನಿಂದ ಅಡಿಲೇಡ್‌ವರೆಗಿನ ಸುಮಾರು 3,000 ಕಿಲೋಮೀಟರಿನ ಸೌರಕಾರುಗಳ ಸ್ಪರ್ಧೆಯನ್ನು ಜನರಲ್ ಮೋಟರ್ಸ್‌ನ ಸನ್‌ರೇಸರ್ ಗಂಟೆಗೆ 67 ಕಿಲೋಮೀಟರ್ ಸರಾಸರಿಯಲ್ಲಿ ಗೆದ್ದದ್ದೂ ಹೀಗೆಯೇ: ಒಬ್ಬನೇ ಚಾಲಕ, ಜಿರಳೆಯ ಬೆನ್ನಿನಂಥ ಮೈ, ಅತ್ಯಲ್ಪ ತೂಕ. ಎರಡು ಟನ್ನಿನ ಕುಟುಂಬದ ಕಾರಿಗೆ ಅದೇ ಫಲವನ್ನು ಬಯಸುವುದು ನ್ಯಾಯವಲ್ಲ.

ನನ್ನ ಹಣವಾದರೆ, ಅದೇ ಫಲಕಗಳನ್ನು ಕಾರು ನಿಲ್ಲುವ ಜಾಗದ ಮೇಲೆ ಚಪ್ಪರದಂತೆ ಹಾಕಿಸುತ್ತೇನೆ. ಅಲ್ಲಿ ಅವುಗಳನ್ನು ಸೂರ್ಯನತ್ತ ವಾಲಿಸಬಹುದು, ಅಡಿಯಲ್ಲಿ ಗಾಳಿಯಾಡುತ್ತದೆ, ಕಾರು ಹೊರಗೆ ಹೋದಾಗಲೂ ಉತ್ಪತ್ತಿಯಾದ ವಿದ್ಯುತ್ ಮನೆಗಾಗುತ್ತದೆ, ಕಾರಿಗೆ ನೆರಳೂ ಸಿಗುತ್ತದೆ. ಸ್ವಂತ ನಿಲುಗಡೆಯೂ ಚಾರ್ಜಿಂಗ್ ವ್ಯವಸ್ಥೆಯೂ ಇಲ್ಲದೆ ಬೀದಿಯಲ್ಲೇ ಕಾರು ನಿಲ್ಲಿಸುವವರ ಮಾತು ಬೇರೆ; ಅವರಿಗೆ ಆ ಹತ್ತು ಕಿಲೋಮೀಟರಿನ ಬೆಲೆ ವಿದ್ಯುತ್ ದರಕ್ಕಿಂತ ಹೆಚ್ಚಿರಬಹುದು. ಅಂಥವರು ಕೊಳ್ಳುವ ಮುನ್ನ ಎರಡನ್ನು ಕೇಳಲಿ: ಚಾವಣಿಯದು ಎಷ್ಟು ವ್ಯಾಟ್, ಮತ್ತು ಆ ವಿದ್ಯುತ್ ಕಾರು ಓಡಿಸುವ ಬ್ಯಾಟರಿಗೆ ಹೋಗುತ್ತದೆಯೋ ಇಲ್ಲವೋ. 2010ರ ಮಾದರಿಯ ಪ್ರಿಯಸ್‌ನಲ್ಲಿ ಸೌರ ಚಾವಣಿ ನಡೆಸುತ್ತಿದ್ದದ್ದು ನಿಂತ ಕಾರಿನೊಳಗಿನ ಬಿಸಿ ಗಾಳಿಯನ್ನು ಹೊರದೂಡುವ ಫ್ಯಾನನ್ನು ಮಾತ್ರ.