ಬಿಲ್ ಪೂರ್ತಿ ಕಟ್ಟಿದರೂ ಸಿಬಿಲ್ ಸ್ಕೋರ್ ಇಳಿಯುವುದೇಕೆ?

"ಮೇಡಂ, ಕ್ರೆಡಿಟ್ ಕಾರ್ಡ್ ಬಿಲ್ ಒಂದು ಸಲವೂ ತಪ್ಪಿಸಿಲ್ಲ. ಆದ್ರೂ ಸಿಬಿಲ್ ಯಾಕೆ ಇಳೀತು?" ಶಿವಮೊಗ್ಗದ ಬ್ಯಾಂಕ್ ಶಾಖೆಯಲ್ಲಿ ಸಾಲ ವಿಭಾಗ ನೋಡಿಕೊಳ್ಳುತ್ತಿದ್ದಾಗ ಈ ಪ್ರಶ್ನೆ ಕೇಳದ ವಾರವೇ ಇರಲಿಲ್ಲ. ನಿವೃತ್ತಿಯಾದ ಮೇಲೂ ಅದು ಬಿಟ್ಟಿಲ್ಲ. ಈಚೆಗೆ ಬೆಂಗಳೂರಿನಿಂದ ಅಕ್ಕನ ಮಗಳು ಫೋನ್ ಮಾಡಿ ಅದನ್ನೇ ಕೇಳಿದಳು. ಗೃಹಸಾಲಕ್ಕೆ ಅರ್ಜಿ ಹಾಕುವ ಹೊತ್ತು. ಸಾಲ, ಕಾರ್ಡ್ ಬಾಕಿಯನ್ನು ನಾವು ಹೇಗೆ ನಿಭಾಯಿಸುತ್ತೇವೆ ಅನ್ನುವುದಕ್ಕೆ ಸಿಬಿಲ್ ಕಂಪನಿ ಕೊಡುವ ಅಂಕವೇ ಸಿಬಿಲ್ ಸ್ಕೋರ್, ಸಾಲ ಕೊಡುವ ಮುನ್ನ ಬ್ಯಾಂಕ್‌ಗಳು ಅದನ್ನು ನೋಡುತ್ತವೆ. 790ರ ಆಸುಪಾಸಿನಲ್ಲಿದ್ದ ಸ್ಕೋರ್ 750ರ ಹತ್ತಿರಕ್ಕೆ ಬಂದಿತ್ತು. "ಚಿಕ್ಕಮ್ಮ, ನಾನು ಏನೂ ತಪ್ಪು ಮಾಡಿಲ್ಲ" ಅಂತ ಮತ್ತೆ ಮತ್ತೆ ಹೇಳುತ್ತಿದ್ದಳು. ನಿಜಕ್ಕೂ ಮಾಡಿರಲಿಲ್ಲ.

ಆಗಿದ್ದು ಇಷ್ಟು. ಅವಳ ಕಾರ್ಡಿನ ಲಿಮಿಟ್ 2 ಲಕ್ಷ. ತಮ್ಮನ ಮದುವೆಗೆ ಸೀರೆ, ಬೆಳ್ಳಿ, ಛತ್ರದ ಮುಂಗಡ ಎಲ್ಲ ಸೇರಿ 1,42,000 ರೂಪಾಯಿ ಅದೇ ಕಾರ್ಡಿನಲ್ಲಿ ಹೋಗಿತ್ತು. 18ಕ್ಕೆ ಬಿಲ್ ಬಂತು, ಮುಂದಿನ ತಿಂಗಳ 7 ಕೊನೆಯ ದಿನ. ಅವಳು 5ಕ್ಕೇ ಪೂರ್ತಿ ಕಟ್ಟಿದಳು. ಒಂದು ಪೈಸೆ ಬಡ್ಡಿ ಬೀಳಲಿಲ್ಲ. ಆದರೆ ನಡುವೆ ತಿಂಗಳ ಕೊನೆಯ ದಿನ ಬಂದುಹೋಗಿತ್ತಲ್ಲ, ಆವತ್ತು ಕಾರ್ಡಿನ ಮೇಲೆ 1,42,000 ಬಾಕಿ ನಿಂತಿತ್ತು. ಬ್ಯಾಂಕ್ ಸಿಬಿಲ್‌ಗೆ ಕಳಿಸಿದ್ದು ಆ ದಿನದ ಲೆಕ್ಕ. ಲಿಮಿಟ್‌ನ ಶೇ. 71 ಬಳಕೆ. ಬಳಕೆ ಇಷ್ಟು ಏರಿದ್ದಕ್ಕೇ ಸ್ಕೋರ್ ಇಳಿದದ್ದು.

ಪತ್ರಿಕೆಯಲ್ಲಿ ಲಿಂಗನಮಕ್ಕಿ ಜಲಾಶಯದ ಮಟ್ಟ ಬರುತ್ತದಲ್ಲ, ಇದೂ ಹಾಗೇ. ಆವತ್ತು ಎಷ್ಟು ಅಡಿ ಅಂತ ಮಾತ್ರ ಅದು ಹೇಳುತ್ತದೆ. ನಾಳೆ ಗೇಟ್ ತೆಗೆಯುತ್ತಾರೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಅವಳು 5ಕ್ಕೆ ಕಟ್ಟುತ್ತಾಳೆ ಅನ್ನುವುದು 31ರ ವರದಿಗೆ ಗೊತ್ತಿರಲು ಸಾಧ್ಯವೇ ಇರಲಿಲ್ಲ.

ಮೊದಲು ಬ್ಯಾಂಕ್‌ಗಳು ಸಾಮಾನ್ಯವಾಗಿ ತಿಂಗಳಿಗೊಮ್ಮೆ ಈ ಮಾಹಿತಿ ಕೊಡುತ್ತಿದ್ದವು. ರಿಸರ್ವ್ ಬ್ಯಾಂಕ್ 2024ರ ಆಗಸ್ಟ್‌ನಲ್ಲಿ ಹೊಸ ಸೂಚನೆ ಹೊರಡಿಸಿತು: 2025ರ ಜನವರಿ 1ರಿಂದ 15ನೇ ತಾರೀಕಿನದೊಂದು, ತಿಂಗಳ ಕೊನೆಯದೊಂದು, ಹೀಗೆ ಹದಿನೈದು ದಿನಕ್ಕೊಮ್ಮೆ ಲೆಕ್ಕ ಹೋಗಬೇಕು. ನನ್ನ ಮಟ್ಟಿಗೆ ಇದು ಗ್ರಾಹಕರಿಗೆ ಆದ ದೊಡ್ಡ ಉಪಕಾರ. ಬಾಕಿ ಏರಿದ್ದು ಬೇಗ ಕಾಣುತ್ತದೆ ನಿಜ, ತೀರಿಸಿದ್ದೂ ಅಷ್ಟೇ ಬೇಗ ಕಾಣುತ್ತದೆ. ಅವಳಿಗೆ ನಾನು ಹೇಳಿದ್ದು, "ಅರ್ಜಿ ಈಗಲೇ ಹಾಕಬೇಡ, ಮುಂದಿನ ಲೆಕ್ಕ ಹೋಗಲಿ. ಅಲ್ಲೀವರೆಗೆ ಖರ್ಚು ಮಾಡಿದ್ದನ್ನ ಬಿಲ್‌ಗೆ ಕಾಯದೆ ಆಗಾಗ ಕಟ್ಟಿಬಿಡು" ಅಂತ. ಹಾಗೇ ಮಾಡಿದಳು. ಸ್ಕೋರ್ ಹೆಚ್ಚುಕಡಿಮೆ ಹಿಂದಿನ ಜಾಗಕ್ಕೇ ಬಂತು. ಕೆಲವು ವಾರ ಕಾದದ್ದು ದಂಡವಾಗಲಿಲ್ಲ, ಏಕೆಂದರೆ ಈಗ ಹಲವು ಬ್ಯಾಂಕ್‌ಗಳಲ್ಲಿ ಗೃಹಸಾಲದ ಬಡ್ಡಿಯನ್ನೇ ಸ್ಕೋರ್ ನೋಡಿ ನಿಗದಿ ಮಾಡುತ್ತಾರೆ. ಇಪ್ಪತ್ತು ವರ್ಷದ ಸಾಲದಲ್ಲಿ ಕಾಲು ಪರ್ಸೆಂಟ್ ಅಂದರೆ ಸಣ್ಣ ಮೊತ್ತವಲ್ಲ.

ಲಿಮಿಟ್‌ನ ಶೇ. 30ರೊಳಗೆ ಬಳಸಿ ಅಂತ ಎಲ್ಲರೂ ಹೇಳುತ್ತಾರೆ. ಒಳ್ಳೆಯ ಅಭ್ಯಾಸವೇ. ಆದರೆ ಅದು ಯಾವ ಕಾನೂನಿನಲ್ಲೂ ಇಲ್ಲ, 31 ಆದ ಕೂಡಲೇ ಆಕಾಶವೂ ಬೀಳುವುದಿಲ್ಲ. ಸಾಲಕ್ಕೆ ಹೋಗುವ ಯೋಚನೆ ಇಲ್ಲದವರು ಒಂದು ತಿಂಗಳ ಏರಿಳಿತಕ್ಕೆ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ.

ಇದಕ್ಕಿಂತ ನನಗೆ ಬೇಸರ ತರುವುದು ಇನ್ನೊಂದು ನಂಬಿಕೆ. ಸ್ವಲ್ಪ ಬಾಕಿ ಉಳಿಸಿಕೊಂಡರೆ ಸ್ಕೋರ್ ಬೆಳೆಯುತ್ತದೆ ಅಂತ ಯಾರೋ ಹೇಳಿದ್ದನ್ನು ನಂಬಿ ಮಿನಿಮಮ್ ಡ್ಯೂ, ಅಂದರೆ ಬಿಲ್‌ನಲ್ಲಿ ಕಟ್ಟಲೇಬೇಕಾದ ಕನಿಷ್ಠ ಮೊತ್ತ, ಅಷ್ಟನ್ನು ಮಾತ್ರ ಕಟ್ಟುವವರನ್ನು ಕಂಡಿದ್ದೇನೆ, ಅದರಲ್ಲೂ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರನ್ನು. ಇದು ಶುದ್ಧ ಸುಳ್ಳು. ಬಿಲ್ ಪೂರ್ತಿ ಕಟ್ಟಿದರೂ ಕಾರ್ಡ್ ಬಳಸಿದ್ದು ವರದಿಯಲ್ಲಿ ದಾಖಲಾಗುತ್ತದೆ. ಬಾಕಿ ಉಳಿಸಿದರೆ ಸಿಗುವುದು ಬಡ್ಡಿ ಮಾತ್ರ. ಕಾರ್ಡಿನ ಬಡ್ಡಿ ತಿಂಗಳಿಗೆ ಶೇ. 3ರ ಮೇಲೆ ಇರುವುದು ಮಾಮೂಲು, ಹೊಸ ಖರೀದಿಗೂ ಬಡ್ಡಿಯಿಲ್ಲದ ಅವಧಿ ಕೈತಪ್ಪುತ್ತದೆ. ಮಿನಿಮಮ್ ಕಟ್ಟಿದವರ ವರದಿಯಲ್ಲಿ ತಡವಾದ ಗುರುತು ಬೀಳುವುದಿಲ್ಲ, ಅದಕ್ಕೇ ಅವರಿಗೆ ಎಲ್ಲ ಸರಿಯಿದೆ ಅನ್ನಿಸುತ್ತದೆ. ಪಕ್ಕದ ಕಾಲಂನಲ್ಲಿ ಬಾಕಿ ಮಾತ್ರ ತಿಂಗಳಿಂದ ತಿಂಗಳಿಗೆ ಬೆಳೆಯುತ್ತಿರುತ್ತದೆ.

ಹಳೇ ಕಾರ್ಡ್ ಮುಚ್ಚುವಾಗಲೂ ಲೆಕ್ಕ ಹಾಕಿ. ಎರಡು ಕಾರ್ಡ್ ಸೇರಿ 3 ಲಕ್ಷ ಲಿಮಿಟ್, ತಿಂಗಳ ಖರ್ಚು 40,000 ಇದ್ದರೆ ಬಳಕೆ ಶೇ. 13ರಷ್ಟು. 2 ಲಕ್ಷದ ಕಾರ್ಡ್ ಮುಚ್ಚಿದರೆ ಅದೇ ಖರ್ಚು ಶೇ. 40 ಆಗಿಬಿಡುತ್ತದೆ. ವಾರ್ಷಿಕ ಶುಲ್ಕದ ಹೊರೆ ಇದ್ದರೆ ಮುಚ್ಚಿ, ಆದರೆ ಗೃಹಸಾಲದ ಹೊಸ್ತಿಲಲ್ಲಿ ನಿಂತು ಮುಚ್ಚಬೇಡಿ.

ಬಾಕಿಯಿಂದ ಇಳಿದ ಸ್ಕೋರ್ ಬಾಕಿ ತೀರಿದರೆ ಏರುತ್ತದೆ. ತಡವಾಗಿ ಕಟ್ಟಿದ್ದರ ಕಥೆ ಬೇರೆ. ಸಿಬಿಲ್ ವರದಿಯಲ್ಲಿ 36 ತಿಂಗಳವರೆಗಿನ ಪಾವತಿ ಚರಿತ್ರೆ ಇರುತ್ತದೆ, ಎಷ್ಟು ದಿನ ತಡವೆಂದು ಪ್ರತಿ ತಿಂಗಳ ಕೆಳಗೆ. ಸಾಲ ಮಂಜೂರು ಮಾಡುವಾಗ ನನ್ನ ಕಣ್ಣು ಮೊದಲು ಹೋಗುತ್ತಿದ್ದದ್ದು ಸ್ಕೋರಿಗಲ್ಲ, ಆ ಸಾಲಿಗೆ. ಕೊನೆಯ ದಿನ ಮರೆತರೂ ಗಾಬರಿಯಾಗದೆ ತಕ್ಷಣ ಕಟ್ಟಿ: ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಮೂರು ದಿನಕ್ಕಿಂತ ಹೆಚ್ಚು ಬಾಕಿ ಉಳಿದರೆ ಮಾತ್ರ ಕಾರ್ಡ್ ಖಾತೆಯನ್ನು ತಡವೆಂದು ವರದಿ ಮಾಡಬಹುದು.

ವರದಿ ತರಿಸಿಕೊಂಡು ಓದಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್, ಈ ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ಣ ವರದಿ ಪುಕ್ಕಟೆ ಕೊಡಬೇಕು. ನಮ್ಮದನ್ನು ನಾವೇ ನೋಡಿದರೆ ಸ್ಕೋರ್ ಇಳಿಯುವುದಿಲ್ಲ. ಲಿಮಿಟ್ ಏರಿಸಿದ್ದು ದಾಖಲಾಗಿದೆಯೇ, ತೀರಿಸಿದ ಬಾಕಿ ಇನ್ನೂ ಹಾಗೇ ನಿಂತಿದೆಯೇ ನೋಡಿ. ತಪ್ಪಿದ್ದರೆ ದೂರು ಕೊಡಿ. 30 ದಿನದಲ್ಲಿ ಬಗೆಹರಿಯದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಬರಬೇಕು. 2024ರ ಏಪ್ರಿಲ್‌ನಿಂದ ಈ ನಿಯಮ ಜಾರಿಯಲ್ಲಿದೆ. ದೂರಿನ ನಂಬರ್, ತಾರೀಕು ಎರಡನ್ನೂ ಬರೆದಿಟ್ಟುಕೊಳ್ಳಿ.